ಮೊದಲ ಟೆಸ್ಟ್ ಯಾವುದು? ಮೆಕ್ಕೆಜೋಳದ ತೂಕದ ಚೀಟಿಯಿಂದ ಶುರು ಮಾಡಿ

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಬಿ.ಇ. ಕೊನೆ ವರ್ಷ ಓದುತ್ತಿದ್ದೇನೆ. ಟೆಸ್ಟ್ ಮೊದಲು, ಕೋಡ್ ಆಮೇಲೆ ಅನ್ನುವ ಟಿಡಿಡಿ ಪದ್ಧತಿಯ ವಿಡಿಯೋಗಳನ್ನು ನೋಡಿದ್ದೇನೆ. ನೋಡುವಾಗ ಎಲ್ಲ ಅರ್ಥ ಆಗುತ್ತೆ. ನಾನೇ ಕೂತರೆ ಮೊದಲ ಟೆಸ್ಟ್ ಏನು ಬರೆಯಬೇಕು ಅಂತಲೇ ಹೊಳೆಯಲ್ಲ. ಕೊನೆಗೆ ಕೋಡ್ ಪೂರ್ತಿ ಬರೆದು, ಆಮೇಲೆ ಟೆಸ್ಟ್ ಅಂಟಿಸುತ್ತೇನೆ. ಎರಡೂ ಒಂದೇ ಅಲ್ವಾ? ಒಂದು ಕಂಪನಿಯವರು ಮನೆಯಲ್ಲೇ ಮಾಡಿ ಕಳಿಸುವ ಕೆಲಸ ಕೊಡುತ್ತೇವೆ, ಹೆಜ್ಜೆ ಹೆಜ್ಜೆಗೂ ಕಮಿಟ್ (ಅಲ್ಲಿಯವರೆಗಿನ ಕೋಡ್ ಉಳಿಸಿದ ದಾಖಲೆ) ಇರಬೇಕು ಅಂದಿದ್ದಾರೆ. ಒಬ್ಬನೇ ಕೂತು ಅಭ್ಯಾಸ ಮಾಡೋದು ಹೇಗೆ?

ಉತ್ತರ: ಎರಡೂ ಒಂದೇ ಅಲ್ಲ. ಟೆಸ್ಟ್ ಅಂದರೆ ಕೋಡ್ ಸರಿ ಇದೆಯಾ ಅಂತ ನೋಡುವ ಇನ್ನೊಂದು ಸಣ್ಣ ಕೋಡ್; ಪಾಸಾದರೆ ಹಸಿರು, ಫೇಲಾದರೆ ಕೆಂಪು. ಆಮೇಲೆ ಅಂಟಿಸಿದ ಟೆಸ್ಟ್ ಹುಟ್ಟಿದಾಗಿನಿಂದಲೇ ಹಸಿರು. ಅದು ಒಮ್ಮೆಯಾದರೂ ಕೆಂಪಾಗಿದ್ದನ್ನು ನೀವು ನೋಡಿಲ್ಲ. ಹಾಗಾಗಿ ನಾಳೆ ಕೋಡ್ ಕೆಟ್ಟರೆ ಅದು ಕೂಗಿ ಹೇಳುತ್ತದೋ, ಸುಮ್ನೆ ಕೂತಿರುತ್ತದೋ ನಿಮಗೆ ಗೊತ್ತಿಲ್ಲ. ಇನ್ನೊಂದು ತೊಂದರೆಯೂ ಇದೆ. ಕೋಡ್ ಬರೆದು ಮುಗಿಸಿದ ಮೇಲೆ, ಅದು ಏನು ಮಾಡುತ್ತದೋ ಅದೇ ಸರಿ ಅಂತ ನಮ್ಮ ಕಣ್ಣು ಒಪ್ಪಿಕೊಂಡಿರುತ್ತದೆ. ಟೆಸ್ಟ್ ಕೂಡ ಅದನ್ನೇ ನಕಲು ಮಾಡುತ್ತದೆ. ಅದು ಏನು ಮಾಡಬೇಕಿತ್ತು ಅನ್ನುವ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಮೊದಲ ಟೆಸ್ಟ್ ಹೊಳೆಯದೇ ಇರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಇಡೀ ಕೆಲಸವನ್ನು ಒಂದೇ ತುತ್ತಿಗೆ ನುಂಗಲು ಹೋಗುತ್ತಿದ್ದೀರಿ, ಅಷ್ಟೆ. ತುತ್ತು ಸಣ್ಣದು ಮಾಡುವುದನ್ನು ಕಲಿತರೆ ಮುಕ್ಕಾಲು ಕೆಲಸ ಆದ ಹಾಗೆ.

ನಾನು ಚಿಕ್ಕವನಿದ್ದಾಗ ದಾವಣಗೆರೆ ಎಪಿಎಂಸಿ ಯಾರ್ಡಿಗೆ ಸೋದರಮಾವನ ಜೊತೆ ಹೋಗುತ್ತಿದ್ದೆ. ಮೆಕ್ಕೆಜೋಳದ ಸೀಸನ್ನು. ಹಮಾಲರು ಒಂದೊಂದೇ ಚೀಲ ತಂದು ಕಾಟಾದ ಮೇಲೆ ಇಡುತ್ತಿದ್ದರು. ಒಬ್ಬರು ತೂಕ ಕೂಗುತ್ತಿದ್ದರು. ಗುಮಾಸ್ತರು ಅದೇ ಅಂಕಿಯನ್ನು ತಿರುಗಿ ಹೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಹತ್ತು ಚೀಲ ಆದ ಕೂಡಲೇ ಒಂದು ಗೆರೆ ಎಳೆದು ಅಲ್ಲಿಗೆ ಕೂಡಿಬಿಡುತ್ತಿದ್ದರು. ಲೋಡ್ ಪೂರ್ತಿ ಇಳಿದ ಮೇಲೆ ಒಟ್ಟಿಗೇ ಕೂಡಬಹುದಲ್ಲ ಅಂತ ನಾನು ಕೇಳಿದ್ದೆ. "ತಪ್ಪಿದರೆ ಹತ್ತು ಚೀಲದಲ್ಲಿ ಹುಡುಕಿದರೆ ಸಾಕು ಕಣಪ್ಪ, ಇನ್ನೂರರಲ್ಲಿ ಯಾರು ಹುಡುಕ್ತಾರೆ" ಅಂತ ಗುಮಾಸ್ತರು ಅಂದಿದ್ದರು. ಎಷ್ಟೋ ವರ್ಷಗಳ ನಂತರ ಟಿಡಿಡಿ ಕಲಿಯುವಾಗ ನನಗೆ ಮೊದಲು ನೆನಪಾಗಿದ್ದು ಆ ಗೆರೆ.

ಕೋಡಿಂಗ್ ಅಭ್ಯಾಸದ ಸಣ್ಣ ಲೆಕ್ಕಗಳಿಗೂ ಕಾಟಾ ಅಂತಲೇ ಹೆಸರು. ಅದು ತೂಕದ ಕಾಟಾ ಅಲ್ಲ, ಕರಾಟೆಯಲ್ಲಿ ಒಂದೇ ಪಟ್ಟನ್ನು ಮತ್ತೆ ಮತ್ತೆ ಮಾಡುವುದಕ್ಕೆ ಇರುವ ಜಪಾನಿ ಪದ. ಡೇವ್ ಥಾಮಸ್ ಅನ್ನುವ ಪ್ರೋಗ್ರಾಮರ್ ಅದನ್ನು ನಮ್ಮ ಕಸುಬಿಗೆ ತಂದರು. ನಮ್ಮ ಕಡೆಯವರಿಗೆ ಗರಡಿಮನೆಯ ಸಾಮು ಅಂದರೆ ಇನ್ನೂ ಬೇಗ ಅರ್ಥ ಆಗುತ್ತದೆ. ಬಸ್ಕಿ ಹೊಡೆಯುವುದು ಬಸ್ಕಿಗೋಸ್ಕರ ಅಲ್ಲ, ಕಾಲು ಗಟ್ಟಿಯಾಗಲಿ ಅಂತ. ಇಲ್ಲೂ ಅಷ್ಟೆ. ಕೊನೆಯಲ್ಲಿ ಸಿಗುವ ಕೋಡ್ ಮುಖ್ಯ ಅಲ್ಲ, ಅಲ್ಲಿಗೆ ನೀವು ಹೋದ ದಾರಿ ಮುಖ್ಯ.

ಹಾಗಾದರೆ ನಮ್ಮ ತೂಕದ ಚೀಟಿಯನ್ನೇ ಕಾಟಾ ಮಾಡಿಕೊಳ್ಳೋಣ. ಚೀಟಿಯಲ್ಲಿ ಚೀಲಗಳ ತೂಕ ಕಿಲೋ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿ ಬರೆದಿರುತ್ತದೆ: "52,48,50". ನಮ್ಮ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡ್ ತುಣುಕು) ಆ ಸಾಲನ್ನು ಓದಿ ಒಟ್ಟು ತೂಕ ಹೇಳಬೇಕು. ನಾನು ಪೈಥಾನ್ ಬಳಸುತ್ತೇನೆ. ನೀವು ಯಾವ ಭಾಷೆಯಲ್ಲಿ ಬೇಕಾದರೂ ಮಾಡಿ. ಪೈಥಾನ್ 3ರಲ್ಲಿ ಫಂಕ್ಷನ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ಹಾಗಾಗಿ ನಮ್ಮ ಫಂಕ್ಷನ್‌ಗೆ 'ಒಟ್ಟು_ತೂಕ' ಅಂತ ಹೆಸರಿಡೋಣ.

ಮೊದಲ ಟೆಸ್ಟ್ ಯಾವುದು? ತೀರಾ ಸಪ್ಪೆ ಅನ್ನಿಸುವಂಥದ್ದು. ಚೀಟಿ ಖಾಲಿ, ಉತ್ತರ 0. ಇದನ್ನು ಬರೆದು ಓಡಿಸಿ. ಫಂಕ್ಷನ್ನೇ ಇಲ್ಲವಲ್ಲ, ಕೆಂಪು ಬರುತ್ತದೆ. ಈಗ ಫಂಕ್ಷನ್ ಬರೆಯಿರಿ. ಒಳಗೆ ಒಂದೇ ಸಾಲು: 0 ವಾಪಸ್ ಕೊಡು. ಹಸಿರು. ಇದು ಮೋಸ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮೋಸ ಅಲ್ಲ. ಕೆಂಟ್ ಬೆಕ್ ಅನ್ನುವ ಪ್ರೋಗ್ರಾಮರ್ 2002ರಲ್ಲಿ ಟಿಡಿಡಿ ಬಗ್ಗೆ ಪುಸ್ತಕ ಬರೆದಾಗ ಹಸಿರಿಗೆ ಹೋಗಲು ಮೂರು ದಾರಿ ಹೇಳಿದರು. ಸದ್ಯಕ್ಕೆ ಸುಳ್ಳು ಉತ್ತರ ಕೊಡುವುದು ಒಂದು. ಉತ್ತರ ಕಣ್ಣೆದುರೇ ಇದ್ದರೆ ನೇರವಾಗಿ ಬರೆಯುವುದು ಇನ್ನೊಂದು. ಎರಡನೇ ಉದಾಹರಣೆ ತಂದು, ಸುಳ್ಳು ಇನ್ನು ನಡೆಯದ ಹಾಗೆ ಮಾಡುವುದು ಮೂರನೆಯದು. ಆ ಸುಳ್ಳು 0 ನಿಮಗೆ ಒಂದು ವಿಷಯ ಖಾತ್ರಿ ಮಾಡಿಕೊಟ್ಟಿದೆ. ಫೈಲ್ ಸರಿಯಾದ ಜಾಗದಲ್ಲಿದೆ, ಟೆಸ್ಟ್ ಓಡುತ್ತಿದೆ, ಹೆಸರು ಹೊಂದಿಕೆ ಆಗಿದೆ. ಇದನ್ನು ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಿ ಅರ್ಧ ಗಂಟೆ ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡನೇ ಟೆಸ್ಟ್: "52" ಕೊಟ್ಟರೆ 52. ಕೆಂಪು. ಈಗ ಸುಳ್ಳು ನಡೆಯಲ್ಲ. ಚೀಟಿ ಖಾಲಿ ಇದ್ದರೆ 0, ಇಲ್ಲದಿದ್ದರೆ ಅದನ್ನು ಸಂಖ್ಯೆ ಮಾಡಿ ಕೊಡು. ಹಸಿರು. ಮೂರನೆಯದು: "52,48" ಕೊಟ್ಟರೆ 100. ಕೆಂಪು. ಅಲ್ಪವಿರಾಮದಲ್ಲಿ ಒಡೆದು, ಒಂದೊಂದನ್ನೂ ಸಂಖ್ಯೆ ಮಾಡಿ ಕೂಡಿದರೆ ಹಸಿರು. ಇನ್ನೂರು ಚೀಲಕ್ಕೂ ಇದೇ ಕೋಡ್ ಸಾಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಭಾನುವಾರ ನನ್ನ ಜೊತೆ ಕೂತು ಇದೇ ಅಭ್ಯಾಸ ಮಾಡುತ್ತಿದ್ದ ಹುಡುಗಿ ಈ ಹಂತಕ್ಕೆ ಬಂದಾಗ, "ಸರ್, ಖಾಲಿ ಚೀಟಿಯ ಆ ಸಾಲು ಇನ್ಯಾಕೆ? ಕೂಡೋದಕ್ಕೆ ಏನೂ ಇಲ್ಲ ಅಂದ್ರೆ ತಾನಾಗೇ 0 ಬರುತ್ತಲ್ವಾ" ಅಂದಳು. ತೆಗೆದು ನೋಡಮ್ಮಾ ಅಂದೆ. ತೆಗೆದಳು, ಓಡಿಸಿದಳು. ಕೆಂಪು. ಮೊದಲ ಟೆಸ್ಟ್, ಆ ಸಪ್ಪೆ ಟೆಸ್ಟೇ, ಬಿದ್ದಿತ್ತು. ಕಾರಣ ಏನಪ್ಪ ಅಂದರೆ, ಪೈಥಾನ್‌ನಲ್ಲಿ ಖಾಲಿ ಸಾಲನ್ನು ಅಲ್ಪವಿರಾಮದಲ್ಲಿ ಒಡೆದರೆ ಖಾಲಿ ಪಟ್ಟಿ ಸಿಗುವುದಿಲ್ಲ. ಒಳಗೆ ಒಂದು ಖಾಲಿ ತುಣುಕು ಇರುವ ಪಟ್ಟಿ ಸಿಗುತ್ತದೆ. ಆ ಖಾಲಿ ತುಣುಕನ್ನು ಸಂಖ್ಯೆ ಮಾಡಲು ಹೋದರೆ ಎರರ್. ಅವಳು ಪರದೆಯನ್ನೇ ನೋಡುತ್ತಾ ಕೂತಳು. ಆಮೇಲೆ ಆ ಸಾಲನ್ನು ವಾಪಸ್ ಹಾಕಿದಳು. "ಇದನ್ನ ನಾನು ಆಮೇಲೆ ಬರೆದಿದ್ರೆ ಖಾಲಿ ಚೀಟಿ ನೆನಪೇ ಆಗ್ತಿರಲಿಲ್ಲ" ಅಂದಳು. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರಕ್ಕಿಂತ ಅವಳ ಮಾತೇ ಚೆನ್ನಾಗಿದೆ.

ಕೆಂಪು, ಹಸಿರು ಆದ ಮೇಲೆ ಮೂರನೇ ಹೆಜ್ಜೆ ರಿಫ್ಯಾಕ್ಟರ್. ಅಂದರೆ ಕೋಡ್ ಮಾಡುವ ಕೆಲಸ ಬದಲಾಗದ ಹಾಗೆ ಅದನ್ನು ಒಪ್ಪ ಮಾಡುವುದು. ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಹಸಿರು ಬಂತು, ಮುಂದಿನ ಟೆಸ್ಟ್‌ಗೆ ಓಡಿದರು. ದಯವಿಟ್ಟು ಓಡಬೇಡಿ. ಪ್ರತಿ ಹಸಿರಿನ ಮೇಲೂ ಒಂದು ನಿಮಿಷ ಕೋಡನ್ನು ಓದಿ. ಹೆಸರು ಸರಿ ಇದೆಯಾ? ಒಂದೇ ಮಾತನ್ನು ಎರಡು ಸಲ ಬರೆದಿದ್ದೀರಾ? ಟೆಸ್ಟ್ ಫೈಲನ್ನೂ ಹಾಗೇ ನೋಡಿ. ಬದಲಿಸಲು ಏನೂ ಇಲ್ಲದಿದ್ದರೆ ಪರವಾಗಿಲ್ಲ, ಓದಿದ್ದೇ ಆಯಿತು. ಕೆಂಪು ಇರುವಾಗ ಮಾತ್ರ ರಿಫ್ಯಾಕ್ಟರ್ ಮಾಡಲು ಕೈ ಹಾಕಬೇಡಿ. ಕೆಟ್ಟಿದ್ದು ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ.

ಮುಂದಿನ ಹೆಜ್ಜೆ. ಚೀಟಿಯಲ್ಲಿ ಒಂದು ಸಾಲು ತುಂಬಿದ ಮೇಲೆ ಗುಮಾಸ್ತರು ಕೆಳಗಿನ ಸಾಲಿಗೆ ಹೋಗುತ್ತಾರೆ. ಹಾಗಾಗಿ ಅಲ್ಪವಿರಾಮದ ಜಾಗದಲ್ಲಿ ಹೊಸ ಸಾಲು ಬಂದರೂ ಓದಬೇಕು. ಟೆಸ್ಟ್ ಬರೆದರೆ ಕೆಂಪು ಬರುತ್ತದೆ, ಸುಲಭವಾಗಿ ಸರಿಹೋಗುತ್ತದೆ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಅದರ ನಂತರದ್ದು ನನಗೆ ತುಂಬಾ ಇಷ್ಟ. ಚೀಟಿಯಲ್ಲಿ ಕನ್ನಡ ಅಂಕಿ ಬರೆದಿದ್ದರೆ? "೫೨,೪೮" ಕೊಟ್ಟರೆ 100 ಬರಬೇಕು ಅಂತ ಟೆಸ್ಟ್ ಬರೆಯಿರಿ. ಕೆಂಪು ಬಂದೇ ಬರುತ್ತದೆ ಅಂದುಕೊಂಡು ಓಡಿಸಿ. ಹಸಿರು! ಒಂದು ಸಾಲು ಕೋಡೂ ಬರೆದಿಲ್ಲ. ಪೈಥಾನ್‌ನ ಸಂಖ್ಯೆ ಮಾಡುವ ಫಂಕ್ಷನ್‌ಗೆ ಕನ್ನಡ ಅಂಕಿಗಳೂ ಗೊತ್ತು. ಜಾವಾಗೂ ಗೊತ್ತು. ಜಾವಾಸ್ಕ್ರಿಪ್ಟ್‌ಗೆ ಗೊತ್ತಿಲ್ಲ, ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಕೆಂಪು ಬರುತ್ತದೆ ಅಂದುಕೊಂಡಲ್ಲಿ ಹಸಿರು ಬಂದರೆ ಖುಷಿಪಟ್ಟು ಮುಂದೆ ಹೋಗಬಾರದು. ಎರಡರಲ್ಲಿ ಒಂದು ಆಗಿರುತ್ತದೆ. ನಿಮಗೆ ಗೊತ್ತಿಲ್ಲದ ಯಾವುದೋ ವಿಷಯ ಭಾಷೆಗೆ ಗೊತ್ತಿದೆ, ಇಲ್ಲವೇ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ. ತಿಳಿಯುವುದು ಹೇಗೆ? ಬೇಕಂತಲೇ ಕೆಡಿಸಿ. ಟೆಸ್ಟ್‌ನಲ್ಲಿ 100ರ ಬದಲು 101 ಹಾಕಿ ಓಡಿಸಿ. ಈಗ ಕೆಂಪು ಬರಲೇಬೇಕು, ಮತ್ತು 'ಸಿಕ್ಕಿದ್ದು 100' ಅಂತ ಪರದೆಯಲ್ಲಿ ಕಾಣಬೇಕು. ಕಂಡರೆ ಟೆಸ್ಟ್ ಜೀವಂತ ಇದೆ. 100ಕ್ಕೆ ವಾಪಸ್ ತಂದು ಹಾಗೇ ಉಳಿಸಿಕೊಳ್ಳಿ. ಆಮೇಲೆ ಕೋಡ್ ಕೆಡಿಸಿಯೂ ನೋಡಿ, ಅದು ಇನ್ನೂ ಒಳ್ಳೆಯದು. ಆಮೇಲೆ ಅಂಟಿಸಿದ ಟೆಸ್ಟ್‌ಗಳು ನಿಮ್ಮ ಹತ್ತಿರ ಈಗಾಗಲೇ ಇವೆಯಲ್ಲ, ಅವುಗಳ ಮೇಲೂ ಇದೇ ಪ್ರಯೋಗ ಮಾಡಿ. ಎಷ್ಟು ಟೆಸ್ಟ್ ಸುಮ್ನೆ ಕೂತಿವೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬೆವರು ಬಿದ್ದು ಅಂಕಿ ಅಳಿಸಿಹೋಗಿದ್ದರೆ? "52,?,50". ಈ ಹೊತ್ತಿಗೂ ಎರರ್ ಬರುತ್ತದೆ, ಆದರೆ ಅದು ಯಾರಿಗೂ ಅರ್ಥವಾಗದ ಎರರ್. ನಮಗೆ ಬೇಕಾಗಿರುವುದು '2ನೇ ಚೀಲದ ತೂಕ ಓದಲು ಆಗುತ್ತಿಲ್ಲ' ಅನ್ನುವ ಮಾತು. ಆ ಮಾತನ್ನೇ ಟೆಸ್ಟ್‌ನಲ್ಲಿ ಬರೆಯಿರಿ. ಸಂದೇಶವನ್ನು ಓದುವವರ ಜಾಗದಲ್ಲಿ ಕೂತು ಮೊದಲೇ ಬರೆದರೆ ಅದು ಮನುಷ್ಯರ ಮಾತಿನ ಹಾಗಿರುತ್ತದೆ. ಕೊನೆಯಲ್ಲಿ ಬರೆದರೆ 'ತಪ್ಪು ಇನ್‌ಪುಟ್' ಅಂತ ಬರೆದು ಎದ್ದುಬಿಡುತ್ತೇವೆ.

ಈಗ ಅರ್ಧ ಕಿಲೋ ಬಂತು. "52.5,48" ಅಂದರೆ 100.5. ಪೂರ್ಣಾಂಕ ಓದುತ್ತಿದ್ದ ಕೋಡ್ ಬಿದ್ದುಹೋಗುತ್ತದೆ. ದಶಮಾಂಶ ಸಂಖ್ಯೆ ಇಡುವ ಫ್ಲೋಟ್‌ಗೆ ಬದಲಿಸಿದರೆ ಹಸಿರು. ಇಲ್ಲೇ ನಿಲ್ಲಬೇಡಿ, ಇನ್ನೊಂದು ಟೆಸ್ಟ್ ಬರೆಯಿರಿ: "0.1,0.2" ಕೊಟ್ಟರೆ 0.3. ಅಷ್ಟು ಸಣ್ಣ ಚೀಲ ಇರುವುದಿಲ್ಲ, ನಿಜ. ಆದರೂ ಓಡಿಸಿ ನೋಡಿ. ಕೆಂಪು, ಸಿಕ್ಕಿದ್ದು 0.30000000000000004. ಕಂಪ್ಯೂಟರ್ ಫ್ಲೋಟನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಅರ್ಧ, ಕಾಲು ಅದಕ್ಕೆ ಸರಿಯಾಗಿ ಕೂರುತ್ತವೆ. ಹತ್ತನೇ ಒಂದು ಭಾಗ ಕೂರುವುದಿಲ್ಲ. ಅದಕ್ಕೇ 52.5 ಪಾಸಾಯಿತು, 0.1 ಆಗಲಿಲ್ಲ.

ಇದರ ಪೆಟ್ಟು ನಾನು ತಿಂದಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ರೈತರ ಮಾಲು ಕೊಳ್ಳುವ ಒಂದು ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟೆ. ದುಡ್ಡನ್ನೂ ತೂಕವನ್ನೂ ಫ್ಲೋಟ್‌ನಲ್ಲೇ ಇಟ್ಟಿದ್ದೆ. ಒಂದು ತಿಂಗಳಾದ ಮೇಲೆ ಅಲ್ಲಿನ ಲೆಕ್ಕದವರು ಕರೆದು ಎರಡು ಬಿಲ್ ಮುಂದಿಟ್ಟರು. ಕೈಯಲ್ಲಿ ಮಾಡಿದ ಲೆಕ್ಕಕ್ಕೂ ನನ್ನ ಬಿಲ್ಲಿಗೂ ಒಂದು ರೂಪಾಯಿ ವ್ಯತ್ಯಾಸ. ರೈತರ ದುಡ್ಡು ಅದು. ಅವರು ಜೋರು ಮಾಡಲಿಲ್ಲ, ಆದರೆ ಅವತ್ತಿಂದ ಪ್ರತಿ ಬಿಲ್ಲನ್ನೂ ಕ್ಯಾಲ್ಕುಲೇಟರ್‌ನಲ್ಲಿ ಇನ್ನೊಂದು ಸಲ ಮಾಡಿ ನೋಡಲು ಶುರು ಮಾಡಿದರು. ನನ್ನ ಸಾಫ್ಟ್‌ವೇರ್ ಅವರ ಕೆಲಸವನ್ನು ಕಡಿಮೆ ಮಾಡಲಿಲ್ಲ, ಎರಡು ಪಟ್ಟು ಮಾಡಿತು. ಆ ನೋವು ಇವತ್ತಿಗೂ ಇದೆ. ತೂಕವನ್ನು ಗ್ರಾಂನಲ್ಲಿ, ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡಿದ್ದರೆ, ಇಲ್ಲವೇ ಹತ್ತರ ಲೆಕ್ಕದಲ್ಲೇ ಇಟ್ಟುಕೊಳ್ಳುವ ಡೆಸಿಮಲ್ ಬಳಸಿದ್ದರೆ ಆ ತೊಂದರೆ ಬರುತ್ತಿರಲಿಲ್ಲ.

ನಿಮ್ಮ ಕಾಟಾದಲ್ಲಿ ಈಗ ಒಳಗಿನದ್ದನ್ನೆಲ್ಲ ಗ್ರಾಂಗೆ ಬದಲಿಸಬೇಕು. ಹಳೆಯ ಆರೇಳು ಟೆಸ್ಟ್‌ಗಳು ಪಕ್ಕದಲ್ಲಿ ನಿಂತಿರುತ್ತವೆ. ಬದಲಿಸುವಾಗ ಕನ್ನಡ ಅಂಕಿಯೋ ಖಾಲಿ ಚೀಟಿಯೋ ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಧೈರ್ಯವಾಗಿ ಕೈ ಹಾಕಬಹುದು. ಟಿಡಿಡಿಯಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಈ ಧೈರ್ಯದ ಬಗ್ಗೆಯೇ. ಬಗ್ ಕಡಿಮೆ ಆಗುವುದು ಅದರ ನಂತರದ ಮಾತು.

ಕೊನೆಯ ಹೆಜ್ಜೆ, ತೇವಾಂಶ. ಸರ್ಕಾರ ಬೆಂಬಲ ಬೆಲೆಗೆ ಮೆಕ್ಕೆಜೋಳ ಕೊಳ್ಳುವಾಗ ತೇವಾಂಶ 14 ಪರ್ಸೆಂಟ್ ಮೀರಬಾರದು. ಅಭ್ಯಾಸಕ್ಕೋಸ್ಕರ ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ: 14ರ ಮೇಲಿನ ಪ್ರತಿ ಒಂದು ಪರ್ಸೆಂಟ್‌ಗೆ ಕ್ವಿಂಟಲ್‌ಗೆ ಒಂದು ಕಿಲೋ ಕಡಿತ. ಮಾರುಕಟ್ಟೆಯ ನಿಯಮ ಇದಲ್ಲ, ನಮ್ಮ ಆಟದ್ದು. 100 ಕಿಲೋಗೆ 14 ಇದ್ದರೆ 100. 15 ಇದ್ದರೆ 99. 250 ಕಿಲೋಗೆ 16 ಇದ್ದರೆ 245. ಸರಿಯಾಗಿ 14ರ ಮೇಲೆ ಒಂದು ಟೆಸ್ಟ್ ಇರಲೇಬೇಕು. ತಪ್ಪುಗಳು ಅಡಗಿ ಕೂರುವುದು ಗಡಿಯಲ್ಲೇ.

ಈ ಟೆಸ್ಟ್‌ಗಳನ್ನು ಬರೆಯುವಾಗ ಬೆರಳಿಗೆ ಬೇಜಾರು ಶುರುವಾಗುತ್ತದೆ. ನಮಗೆ ಬೇಕಾಗಿರುವುದು 250 ಕಿಲೋ ಮತ್ತು 16 ಪರ್ಸೆಂಟ್, ಅಷ್ಟೆ. ಆದರೆ ಪ್ರತಿ ಟೆಸ್ಟ್‌ನಲ್ಲೂ "50,50,50,50,50" ಅಂತ ಚೀಟಿ ಬರೆಯಬೇಕು. ಆ ಬೇಜಾರಿಗೆ ಕಿವಿ ಕೊಡಿ. ಚೀಟಿ ಓದುವುದು ಒಂದು ಕೆಲಸ, ಕಡಿತ ಲೆಕ್ಕ ಹಾಕುವುದು ಇನ್ನೊಂದು ಕೆಲಸ, ಎರಡನ್ನೂ ಒಂದೇ ಫಂಕ್ಷನ್‌ಗೆ ತುರುಕಿದ್ದೀಯಾ ಅಂತ ಅದು ಹೇಳುತ್ತಿದೆ. 'ತೇವ_ಕಡಿತ' ಅಂತ ಬೇರೆ ಫಂಕ್ಷನ್ ಮಾಡಿ, ಅದಕ್ಕೆ ನೇರ ಸಂಖ್ಯೆ ಕೊಡಿ. ಟೆಸ್ಟ್‌ಗಳು ಒಂದೊಂದು ಸಾಲಿಗೆ ಇಳಿಯುತ್ತವೆ. ಟೆಸ್ಟ್ ಬರೆಯುವುದು ಕಷ್ಟ ಆಯಿತು ಅಂದರೆ ಹೆಚ್ಚಿನ ಸಲ ಕೋಡ್‌ನ ಜೋಡಣೆಯಲ್ಲೇ ತೊಡಕು ಇರುತ್ತದೆ.

ಆಮೇಲೆ 14.5 ಪರ್ಸೆಂಟ್‌ಗೆ ಟೆಸ್ಟ್ ಬರೆಯಲು ಹೋಗಿ. ಕೈ ನಿಂತುಹೋಗುತ್ತದೆ. ಉತ್ತರ ಏನು? ಅರ್ಧ ಕಿಲೋ ಕಡಿತವೋ, ಪೂರ್ತಿ ಒಂದು ಕಿಲೋನೋ, ಏನೂ ಇಲ್ಲವೋ? ನಿಯಮದಲ್ಲಿ ಅದು ಇಲ್ಲ. ನಿಜವಾದ ಕೆಲಸದಲ್ಲಾದರೆ ಆಗ ಎದ್ದು ಹೋಗಿ ಕೇಳಬೇಕು. ಕೋಡ್ ಮೊದಲು ಬರೆದಿದ್ದರೆ ಯಾವುದೋ ಒಂದು ಉತ್ತರ ತಾನಾಗೇ ಬಂದುಬಿಡುತ್ತಿತ್ತು. ಅದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ ಅಂತ ನಮಗೆ ಗೊತ್ತೂ ಆಗುತ್ತಿರಲಿಲ್ಲ. ರೈತರಿಗೆ ಸಿಗುವ ದುಡ್ಡು ಇಂಥ ತೀರ್ಮಾನವೇ ಮಾಡದ ಜಾಗದಲ್ಲಿ ಹೆಚ್ಚುಕಮ್ಮಿ ಆಗುತ್ತದೆ. ಕಂಪನಿಯ ಕೆಲಸದಲ್ಲೂ ಇಂಥದ್ದು ಎದುರಾದರೆ ಕೇಳಿ. ಕೇಳಲು ಅವಕಾಶ ಇಲ್ಲದಿದ್ದರೆ ಒಂದನ್ನು ಆರಿಸಿಕೊಂಡು, ಟೆಸ್ಟ್‌ನ ಹೆಸರಿನಲ್ಲೇ ಅದನ್ನು ಕಾಣುವ ಹಾಗೆ ಬರೆಯಿರಿ.

ಎಲ್ಲದಕ್ಕೂ ಟೆಸ್ಟ್ ಮೊದಲು ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಬೇರೆಯವರು ಬರೆದಿಟ್ಟ, ನಮಗೆ ಗೊತ್ತಿಲ್ಲದ ಕೋಡ್ ಲೈಬ್ರರಿ ಹೇಗೆ ನಡೆಯುತ್ತದೆ ಅಂತ ನೋಡುವಾಗ, ಸ್ಕ್ರೀನ್‌ನಲ್ಲಿ ಬಟನ್ ಎಲ್ಲಿಟ್ಟರೆ ಚೆಂದ ಅಂತ ಹುಡುಕುವಾಗ ಸುಮ್ನೆ ಕೋಡ್ ಬರೆದು ಆಡಿ. ಗೊತ್ತಾದ ಮೇಲೆ ಅದನ್ನು ಅಳಿಸಿ, ಟೆಸ್ಟ್‌ನಿಂದ ಶುರು ಮಾಡಿ.

ಒಬ್ಬರೇ ಅಭ್ಯಾಸ ಮಾಡಲು ನನ್ನ ಸಲಹೆ ಇಷ್ಟು. ಮೊಬೈಲ್‌ನಲ್ಲಿ 45 ನಿಮಿಷಕ್ಕೆ ಅಲಾರಾಂ ಇಡಿ. ಕಾಗದದ ಮೇಲೆ ಹೊಳೆದ ಟೆಸ್ಟ್‌ಗಳನ್ನೆಲ್ಲ ಪಟ್ಟಿ ಮಾಡಿ. ಖಾಲಿ, ಒಂದು, ಎರಡು, ಹೊಸ ಸಾಲು, ಅಳಿಸಿದ ಅಂಕಿ, ಹೀಗೆ. ಅದರಲ್ಲಿ ಅತಿ ಸಣ್ಣದನ್ನು ಆರಿಸಿ ಶುರು ಮಾಡಿ. ಮಧ್ಯದಲ್ಲಿ ಹೊಸದು ಹೊಳೆದರೆ ಪಟ್ಟಿಗೆ ಸೇರಿಸಿ, ಕೈಯಲ್ಲಿರುವುದನ್ನು ಬಿಟ್ಟು ಓಡಬೇಡಿ. ಅಲಾರಾಂ ಹೊಡೆದಾಗ ಕೋಡ್ ಪೂರ್ತಿ ಅಳಿಸಿಬಿಡಿ. ಕೋಡ್‌ರಿಟ್ರೀಟ್ ಅನ್ನುವ ಕೂಟಗಳಲ್ಲಿ ಪ್ರೋಗ್ರಾಮರ್‌ಗಳು ಇಡೀ ದಿನ ಕೂತು ಹೀಗೇ ಮಾಡುತ್ತಾರೆ. 45 ನಿಮಿಷ, ಅಳಿಸು, ಮತ್ತೆ ಅದೇ ಲೆಕ್ಕ. ಅಳಿಸುವಾಗ ಮೊದಲ ಸಲ ಹೊಟ್ಟೆ ಉರಿಯುತ್ತದೆ. ಎರಡನೇ ಸಲ ಅದೇ ಜಾಗಕ್ಕೆ ಅರ್ಧ ಹೊತ್ತಿನಲ್ಲಿ ಬರುತ್ತೀರಿ. ಮೂರನೇ ಸಲ ಬೇರೆ ದಾರಿ ಕಾಣುತ್ತದೆ.

ಒಂದು ಟೆಸ್ಟ್ ಹತ್ತು ನಿಮಿಷ ಆದರೂ ಹಸಿರಾಗದಿದ್ದರೆ ಒದ್ದಾಡಬೇಡಿ. ಕಮಿಟ್‌ಗಳನ್ನು ಇಟ್ಟುಕೊಳ್ಳುವ ಗಿಟ್‌ನಲ್ಲಿ ಹಿಂದಿನ ಹಸಿರಿಗೆ ವಾಪಸ್ ಹೋಗಿ, ಅದಕ್ಕಿಂತ ಸಣ್ಣ ಟೆಸ್ಟ್ ಹುಡುಕಿ. ಕೆಂಟ್ ಬೆಕ್ ಇದನ್ನು ಇನ್ನೂ ಬಿಗಿ ಮಾಡಿ 2018ರಲ್ಲಿ ಒಂದು ಆಟ ಹೇಳಿದರು: ಟೆಸ್ಟ್ ಪಾಸಾದರೆ ತಾನಾಗೇ ಕಮಿಟ್, ಫೇಲಾದರೆ ಬರೆದಿದ್ದೆಲ್ಲ ತಾನಾಗೇ ಮಾಯ. ಒಂದು ವಾರ ಆದ ಮೇಲೆ ಅದನ್ನೂ ಆಡಿ ನೋಡಿ. ಹೆಜ್ಜೆ ತಾನಾಗೇ ಸಣ್ಣದಾಗುತ್ತದೆ.

ಇನ್ನು ಕಮಿಟ್. ಹಸಿರು ಬಂದಾಗ ಒಂದು, ರಿಫ್ಯಾಕ್ಟರ್ ಆದ ಮೇಲೆ ಒಂದು. ಎರಡನ್ನೂ ಒಂದರಲ್ಲೇ ಸೇರಿಸಬೇಡಿ. ಏನು ಬದಲಾಯಿತು, ಏನು ಬರೀ ಒಪ್ಪವಾಯಿತು ಅಂತ ನೋಡುವವರಿಗೆ ಬೇರೆ ಬೇರೆ ಕಾಣಬೇಕು. 'ಅಪ್‌ಡೇಟ್', 'ಫೈನಲ್' ಅಂತೆಲ್ಲ ಬರೆಯದೆ 'ಹೊಸ ಸಾಲಿನಲ್ಲಿರುವ ತೂಕವನ್ನೂ ಕೂಡುತ್ತದೆ' ಅನ್ನುವಂಥ ಒಂದು ವಾಕ್ಯ ಬರೆಯಿರಿ. ಕೋಡ್ ಪೂರ್ತಿ ಮುಗಿಸಿ, ಆಮೇಲೆ ಕೂತು ಅದನ್ನು ಇಪ್ಪತ್ತು ಕಮಿಟ್ ಮಾಡಿ ಕಳಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ. ಕಮಿಟ್‌ಗಳ ಸಮಯ ನೋಡಿದರೆ ಸಿಕ್ಕಿಬೀಳುತ್ತೀರಿ, ಅದು ಬೇರೆ. ಸಂದರ್ಶನದಲ್ಲಿ ಎದುರಿಗೆ ಕೂರಿಸಿ ಮುಂದಿನ ಟೆಸ್ಟ್ ಬರೆಯಪ್ಪ ಅಂದರೆ ಕೈ ಓಡುವುದಿಲ್ಲ. ಕೆಲಸ ಬರುವ ಮೊದಲು ಹತ್ತು ದಿನ ಸಿಕ್ಕರೂ ಸಾಕು, ದಿನಕ್ಕೆ ಒಂದು ಸಲ ಈ ಚೀಟಿ ಮಾಡಿ. ಹತ್ತನೇ ದಿನದ ಕೋಡನ್ನು ಮಾತ್ರ ಅಳಿಸಬೇಡಿ, ನನಗೆ ಕಳಿಸಿ. 14.5ಕ್ಕೆ ನೀವು ಏನು ತೀರ್ಮಾನ ಮಾಡಿದಿರಿ ಅಂತ ನಾನು ನೋಡಬೇಕು.